ಕೆಂಪು ಮರಳು, ಹಸಿರು ಗಾಜು

ಮಳೆಗಾಲ ಇಳಿದು ಹೊಳೆಗಳ ನೀರು ತಿಳಿಯಾಗುವ ಹೊತ್ತಿಗೆ ಶಾಲ್ಮಲೆ, ಬೇಡ್ತಿ, ಅಘನಾಶಿನಿಗಳ ತಿರುವುಗಳಲ್ಲಿ ಹೊಸ ಮರಳು ಬಂದು ಕುಳಿತಿರುತ್ತದೆ. ದೂರಕ್ಕೆ ಮಾಸಲು ಬಿಳಿಯಾಗಿ ತೋರುವ ಈ ಮರಳು ಅಂಗೈಗೆ ಬಂದಾಗ ಬೇರೆಯೇ ಆಗಿ ಕಾಣುತ್ತದೆ. ಬೆಣಚುಕಲ್ಲಿನ ಹರಳುಗಳಿಗೆ ತುಕ್ಕಿನ ತೆಳು ಲೇಪ, ಜಂಬಿಟ್ಟಿಗೆಯ ಕೆಂಪು ನುಚ್ಚು, ಅಭ್ರಕದ ಹೊಳಪು, ಅಲ್ಲಲ್ಲಿ ಇದ್ದಿಲಿನಿಂದ ಗೀಚಿದಂಥ ಕರಿಯ ಗೆರೆ. ಶಾಲೆಯ ವಿಜ್ಞಾನ ಪೆಟ್ಟಿಗೆಯಲ್ಲಿರುವ ಅಯಸ್ಕಾಂತವನ್ನು ಆ ಕರಿಯ ಗೆರೆಯ ಮೇಲೆ ಎಳೆದರೆ ಕಣಗಳು ಮೀಸೆಯಂತೆ ಎದ್ದು ಅಂಟಿಕೊಳ್ಳುತ್ತವೆ. ಮೇಲಿನ ಗುಡ್ಡಗಳ ಕಲ್ಲು ಕರಗಿ ಮಣ್ಣಾಗುವಾಗ ಬಿಡುಗಡೆಯಾದ ಕಬ್ಬಿಣವೇ ಹೀಗೆ ಹೊಳೆಯ ದಡದಲ್ಲಿ ಮೀಸೆ ಕಟ್ಟುವುದು.

ಗಾಜಿನ ಉದ್ಯಮದ ಭಾಷೆಯಲ್ಲಿ ಈ ಕೆಂಪು, ಈ ಕಪ್ಪು ಎರಡೂ ಕಲ್ಮಶಗಳು. ಬಣ್ಣವಿಲ್ಲದ ಬಾಟಲಿಗೆ ಬೇಕಾದ ಮರಳಿನಲ್ಲಿ ಕಬ್ಬಿಣದ ಆಕ್ಸೈಡು ಶೇಕಡಾ 0.03 ಅಥವಾ 0.04 ದಾಟಬಾರದು, ಕನ್ನಡಕ, ದುರ್ಬೀನುಗಳ ಗಾಜಿಗೆ ಅದಕ್ಕಿಂತಲೂ ಕಡಿಮೆ. ಅಂದರೆ 10 ಕಿಲೋ ಮರಳಿನಲ್ಲಿ 3–4 ಗ್ರಾಂ ತುಕ್ಕು ಇದ್ದರೆ ಅಲ್ಲಿಗೆ ಅದರ ಮರ್ಯಾದೆ ಮುಗಿಯಿತು. ಈ ಲೆಕ್ಕದಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಹೊಳೆ ಮರಳು ಪರೀಕ್ಷೆಗೆ ಕೂರುವ ಮೊದಲೇ ನಪಾಸು. ಗಟ್ಟಿಯಾಗಿ ಹೇಳಬೇಕೆಂದರೆ, ಅದು ನಪಾಸಾಗಿರುವುದೇ ಈ ಸೀಮೆಯ ಹೊಳೆಗಳ ಪುಣ್ಯ.

ಕಬ್ಬಿಣ ಗಾಜಿಗೆ ಮಾಡುವುದೇನು? ಕಿಟಕಿಗೆ ಹಾಕುವ ಸಾಮಾನ್ಯ ಗಾಜಿನ ಹಾಳೆಯನ್ನು ನೇರವಾಗಿ ನೋಡಿದರೆ ಬಣ್ಣವಿಲ್ಲ. ಅದರ ಅಂಚಿನ ಕಡೆಯಿಂದ ನೋಡಿದರೆ ತಿಳಿಹಸಿರು. ಕಣ್ಣು ಅಲ್ಲಿ ಕಾಣುವುದು ಒಂದೆರಡು ಅಡಿ ದಪ್ಪದ ಗಾಜನ್ನು. ಆ ದಪ್ಪದಲ್ಲಿ ಅಳಿದುಳಿದ ಅಷ್ಟಿಷ್ಟು ಕಬ್ಬಿಣವೂ ತನ್ನ ಬಣ್ಣವನ್ನು ಹೇಳಿಕೊಳ್ಳುತ್ತದೆ. ಕಬ್ಬಿಣ ಗಾಜಿನೊಳಗೆ ಎರಡು ಅವಸ್ಥೆಗಳಲ್ಲಿ ಇರಬಲ್ಲದು. ಕುಲುಮೆಯಲ್ಲಿ ಗಾಳಿ ಯಥೇಚ್ಛವಾಗಿದ್ದರೆ ಅದು ಹಳದಿ ಛಾಯೆಯ ಕಡೆಗೆ ವಾಲುತ್ತದೆ. ಗಾಳಿ ಕಡಿಮೆಯಾಗಿ ಹೊಗೆ ಹೆಚ್ಚಿದರೆ, ಅಥವಾ ಮಿಶ್ರಣಕ್ಕೆ ಚಿಟಿಕೆ ಇದ್ದಿಲು ಬಿದ್ದರೆ, ನೀಲಿ ಬೆರೆತ ಹಸಿರಿಗೆ ತಿರುಗುತ್ತದೆ. ಇದ್ದಿಲಿನ ಜೊತೆ ಗಂಧಕವೂ ಸೇರಿದರೆ ಬಿಯರ್ ಬಾಟಲಿಯ ಜೇನುಗಂದು. ಒಂದೇ ಮಣ್ಣು, ಬೆಂಕಿಯ ಹದ ಬದಲಾದಂತೆ ಮೂರು ಬಣ್ಣ. ಇದಕ್ಕೆ ಮ್ಯಾಂಗನೀಸನ್ನು ಅಳೆದು ಸೇರಿಸಿದರೆ ಹಸಿರು ಅಡಗಿ ಗಾಜು ಬಿಳಿಚಿಕೊಳ್ಳುತ್ತದೆ. ಅಳತೆ ಮೀರಿದರೆ ನೇರಳೆಗೆ ಹೋಗುತ್ತದೆ. ಹಳೆಯ ಕಾಲದ ಯುರೋಪಿನ ಕುಶಲಕರ್ಮಿಗಳು ಮ್ಯಾಂಗನೀಸನ್ನು ಗಾಜಿನ ಸಾಬೂನು ಎಂದು ಕರೆಯುತ್ತಿದ್ದರು. ಯಲ್ಲಾಪುರ ತಾಲ್ಲೂಕಿನವರಿಗೆ ಬಿಸಗೋಡಿನ ಗಣಿಯ ಹೆಸರಿನೊಂದಿಗೆ ಪರಿಚಿತವಾದ ಅದಿರೇ ಇದು. ಆ ಗಣಿಯ ವಿರುದ್ಧ ಊರವರು ಹೋರಾಡಬೇಕಾಗಿ ಬಂದದ್ದು ಈ ಪುಟಗಳ ಓದುಗರಿಗೆ ಹೊಸತಲ್ಲ.

ಮಣ್ಣಿನ ಕೆಂಪನ್ನು ಕೊಳೆಯೆಂದು ತಿಳಿಯದ ಒಂದು ಪರಂಪರೆ ಇದೇ ನೆಲದಲ್ಲಿದೆ. ಸಿದ್ದಾಪುರ, ಸಾಗರ ಸೀಮೆಯ ದೀವರ ಮನೆಗಳ ಹೆಂಗಸರು ಗೋಡೆಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿಗಳಿಂದ ಹಸೆ ಚಿತ್ತಾರ ಬರೆಯುತ್ತಾರೆ. ಅವರ ಬಣ್ಣದ ಅಂಗಡಿ ಹಿತ್ತಲ ಧರೆಯಲ್ಲಿದೆ. ಮಣ್ಣನ್ನು ಶುದ್ಧೀಕರಿಸಿ ಬಣ್ಣ ಕಳೆದು, ಆಮೇಲೆ ಪೇಟೆಯಿಂದ ಬಣ್ಣ ತಂದು ಬಳಿಯುವ ಬುದ್ಧಿ ಅವರಿಗೆ ಹೊಳೆದಿಲ್ಲ.

ಬಣ್ಣವಿಲ್ಲದ ಗಾಜೇ ಬೇಕೆಂಬ ಹಟಕ್ಕೆ ಎಲ್ಲೋ ಒಂದು ನೆಲ ಬೆಲೆ ತೆರುತ್ತದೆ. ಉತ್ತರಪ್ರದೇಶದ ಪ್ರಯಾಗರಾಜ್ ಜಿಲ್ಲೆಯ ಶಂಕರಗಢದ ಸುತ್ತ ಕಬ್ಬಿಣದ ಅಂಶ ತೀರ ಕಡಿಮೆಯಿರುವ ಬಿಳಿ ಮರಳುಗಲ್ಲಿದೆ. ದೇಶದ ಅನೇಕ ಗಾಜಿನ ಕಾರ್ಖಾನೆಗಳು ಅದನ್ನು ಅವಲಂಬಿಸಿದವು. ಅಲ್ಲಿ ಕಲ್ಲು ಒಡೆದು ಮರಳು ತೊಳೆದವರು ಬಹುಪಾಲು ಕೋಲ್ ಸಮುದಾಯದವರು. ಗುತ್ತಿಗೆದಾರರ ಸಾಲ ತೀರದೆ ತಲೆಮಾರುಗಳ ಕಾಲ ಜೀತದಂತೆ ದುಡಿದವರು. ಸಿಲಿಕಾದ ನುಣ್ಣನೆಯ ದೂಳು ಶ್ವಾಸಕೋಶದೊಳಗೆ ಇಳಿದರೆ ಮರಳಿ ಬರುವುದಿಲ್ಲ. ಸಿಲಿಕೋಸಿಸ್‌ಗೆ ಔಷಧವೂ ಇಲ್ಲ. ದಕ್ಷಿಣದಲ್ಲಿ ಕೇರಳದ ಆಲಪ್ಪುಳ ಜಿಲ್ಲೆಯ ಚೇರ್ತಲೆಯ ಬಿಳಿ ಮರಳು ಇದೇ ಕಾರಣಕ್ಕೆ ಹೆಸರಾಯಿತು. ಅಲ್ಲಿ ಮರಳಿನ ದಿಬ್ಬವೆಂದರೆ ಮಳೆಯ ಸಿಹಿನೀರನ್ನು ಹಿಡಿದಿಡುವ ಪಾತ್ರೆ. ದಿಬ್ಬ ತೆಗೆದಲ್ಲಿ ಹೊಂಡ ಉಳಿಯುತ್ತದೆ, ಬಾವಿಯ ನೀರು ಕೆಡುತ್ತದೆ. ಪಾರದರ್ಶಕ ಗಾಜಿನೊಳಗೆ ಇವಾವುದೂ ಕಾಣುವುದಿಲ್ಲ.

ಸಿಕ್ಕ ಮಣ್ಣಿನಿಂದಲೇ, ಸಿಕ್ಕ ಬಣ್ಣದಲ್ಲೇ ಗಾಜು ಮಾಡಿದ ಊರು ಕರ್ನಾಟಕದಲ್ಲೂ ಇತ್ತು. 1801ರಲ್ಲಿ ಫ್ರಾನ್ಸಿಸ್ ಬುಕನನ್ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಕರಾವಳಿಯಿಂದ ಘಟ್ಟ ಹತ್ತಿ, ಯಲ್ಲಾಪುರ, ಸೋಂದಾ, ಶಿರಸಿ, ಬನವಾಸಿಗಳನ್ನು ಹಾದುಹೋದವನು. ಇಲ್ಲಿಯ ಅಡಿಕೆ ತೋಟ, ಕಾಳುಮೆಣಸು, ಸೊಪ್ಪಿನ ಬೆಟ್ಟಗಳ ಬಗ್ಗೆ ಬರೆದುಕೊಂಡ ಆತ, ಅದೇ ಪ್ರಯಾಣದಲ್ಲಿ ಮುಂದೆ ಬಯಲುಸೀಮೆಗೆ ಇಳಿದಾಗ ಈಗಿನ ಚಿತ್ರದುರ್ಗ ಜಿಲ್ಲೆ ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ಗಾಜಿನ ಬಳೆ ಮಾಡುವುದನ್ನು ಕಂಡ. ಊರಿನ ಕೋಟೆ ಗೋಡೆಗೆ ಒಳಗಿನಿಂದ ಆನಿಸಿ ಕಟ್ಟಿದ ಎತ್ತರದ ಜಗುಲಿ, ಅದರಲ್ಲಿ ಗುಮ್ಮಟದ ಆಕಾರದ ಕುಲುಮೆಗಳು. ಬೇಕಾದ ಸಾಮಗ್ರಿಯೆಲ್ಲ ಸುತ್ತಲಿನದೇ: ಬಿಳಿಯ ಬೆಣಚುಕಲ್ಲಿನ ಪುಡಿ, ಮತ್ತು ಬೇಸಗೆಯಲ್ಲಿ ನೆಲದ ಮೇಲೆ ಉಪ್ಪಿನಂತೆ ಉಬ್ಬಿ ಬರುವ ಸವಳು ಮಣ್ಣಿನಿಂದ ತೆಗೆದ ಸೋಡ. ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಎಂಬ ಐದು ಬಣ್ಣಗಳ ಬಳೆ ಅಲ್ಲಿಂದ ಹೊರಡುತ್ತಿದ್ದವು. ಗಾಜು ಒರಟು, ಬೆಳಕು ಹಾಯದಂಥದು ಎಂದು ಬುಕನನ್ ಮೂಗು ಮುರಿದಿದ್ದಾನೆ. ಕೈತುಂಬ ತೊಟ್ಟ ಹೆಂಗಸರು ಅದರಾಚೆ ನೋಡಬೇಕೆಂದು ಬಯಸಿರಲಾರರು. ಹೊರಗಿನ ಅಗ್ಗದ ಬಳೆ ಸಂತೆಗೆ ಬಂದ ಮೇಲೆ ಮತ್ತೋಡಿನ ಕುಲುಮೆಗಳು ಆರಿದವು. ಇಂದು ಬಳೆಯೆಂದರೆ ಫಿರೋಜಾಬಾದ್. ಸೀಮಂತಕ್ಕೆ ತೊಡಿಸುವ ಹಸಿರು ಬಳೆಯ ಬಣ್ಣ ಈಗ ಬರುವುದು ಕ್ರೋಮಿಯಂನಂಥ ಲೋಹಗಳಿಂದ. ಕಬ್ಬಿಣದ ಹಸಿರಿಗೆ ಅಷ್ಟು ಝಗಮಗ ಇಲ್ಲ. ಅದು ಕೆರೆಯ ಪಾಚಿಯ, ಎಳೆ ಅಡಿಕೆಯ ಹಸಿರು.

ಹಾಗಾದರೆ ಮಲೆನಾಡಿನಲ್ಲಿಯೂ ಇಂಥ ಕುಲುಮೆ ಏಕಾಗಬಾರದು ಎಂಬ ಪ್ರಶ್ನೆ ಸಹಜ. ಬೆಣಚುಕಲ್ಲಿಗೆ ಬರವಿಲ್ಲ, ಕೆಮ್ಮಣ್ಣಿಗೆ ಬರವಿಲ್ಲ, ಸವಳು ಮಣ್ಣಿಲ್ಲದಿದ್ದರೂ ಅಡಿಕೆ ಬೇಯಿಸುವ ಒಲೆಗಳಲ್ಲಿ ಬೂದಿ ಇದೆ. ಉತ್ತರ ಬರೆಯುವ ಮೊದಲು ಯುರೋಪಿನ ಕಾಡುಗಳ ಕಡೆ ಒಮ್ಮೆ ನೋಡಬೇಕು.

ಮಧ್ಯಯುಗದ ಜರ್ಮನಿ, ಬೊಹೀಮಿಯ, ಉತ್ತರ ಫ್ರಾನ್ಸ್, ಇಂಗ್ಲೆಂಡುಗಳಲ್ಲಿ ಕಾಡಿನ ನಡುವೆಯೇ ಗಾಜಿನ ಕುಲುಮೆಗಳಿದ್ದವು. ತೊರೆಯ ಕೊಳಕು ಮರಳು, ಬೀಚ್ ಮರದ ಬೂದಿ, ಮರದ ಬೆಂಕಿ. ಬಂದ ಗಾಜು ಹಸಿರು ಇಲ್ಲವೆ ಕಂದು. ಜರ್ಮನರು ಅದನ್ನು ಕಾಡುಗಾಜು ಎಂದೇ ಕರೆದರು. ಇಂದು ವಸ್ತುಸಂಗ್ರಹಾಲಯಗಳಲ್ಲಿ ಜನ ಮೆಚ್ಚಿ ನೋಡುವ ಆ ಹಸಿರು ಬಟ್ಟಲುಗಳ ಹಿಂದೆ ಮರದ ಲೆಕ್ಕವೊಂದಿದೆ. 100 ಕಿಲೋ ಕಟ್ಟಿಗೆ ಉರಿದರೆ ಉಳಿಯುವ ಬೂದಿ 1 ಕಿಲೋ ಆಸುಪಾಸು. ಅದರಲ್ಲಿ ನೀರಿಗೆ ಕರಗಿ ಬರುವ ಪೊಟ್ಯಾಶು ಸುಮಾರು ಹತ್ತನೆಯ ಒಂದು ಪಾಲು, ಉಳಿದದ್ದು ಹೆಚ್ಚಾಗಿ ಸುಣ್ಣ. 1 ಕಿಲೋ ಗಾಜಿಗೆ 150–200 ಗ್ರಾಂ ಪೊಟ್ಯಾಶು ಬೇಕೆಂದು ಹಿಡಿದರೆ, ಬೂದಿಗಾಗಿಯೇ 150–200 ಕಿಲೋ ಮರ ಹೋಯಿತು. ಕುಲುಮೆಯ ಉರಿಗೆ ಬೇರೆ. ಬೂದಿಗೆಂದು ಸುಟ್ಟ ಮರ ಉರಿಗೆಂದು ಸುಟ್ಟದ್ದಕ್ಕಿಂತ ಹೆಚ್ಚು ಎಂಬುದು ಅಲ್ಲಿಯ ಇತಿಹಾಸಕಾರರು ಒಪ್ಪಿದ ಮಾತು. ಸುತ್ತಲಿನ ಮರ ಮುಗಿದಾಗ ಕುಲುಮೆಯನ್ನೇ ಕಿತ್ತು ಮುಂದಿನ ಕಾಡಿಗೆ ಸಾಗಿಸಿದರು. ಕೊನೆಗೆ 1615ರಲ್ಲಿ ಇಂಗ್ಲೆಂಡಿನ ದೊರೆ ಒಂದನೆಯ ಜೇಮ್ಸ್ ಗಾಜಿನ ಕುಲುಮೆಗೆ ಕಟ್ಟಿಗೆ ಉರಿಸಬಾರದೆಂದು ಘೋಷಣೆ ಹೊರಡಿಸಬೇಕಾಯಿತು. ಕಾಡಿನ ಮೇಲಿನ ಪ್ರೀತಿಯಿಂದಲ್ಲ. ನೌಕಾಪಡೆಯ ಹಡಗುಗಳಿಗೆ ಓಕ್ ಮರ ಉಳಿಯಬೇಕಿತ್ತು.

ಈ ಜಿಲ್ಲೆ ‘ಸ್ಥಳೀಯ ಕಚ್ಚಾವಸ್ತು’ ಎಂಬ ಮಾತಿನ ಅರ್ಥವನ್ನು ಪುಸ್ತಕ ಓದಿ ಕಲಿಯಬೇಕಾಗಿಲ್ಲ. ದಾಂಡೇಲಿಯ ಕಾಗದದ ಕಾರ್ಖಾನೆಗೆ ಬಿದಿರನ್ನು ಟನ್ನಿಗೆ 1.50 ರೂಪಾಯಿಗೆ ಕೊಟ್ಟ ಕಾಲವಿತ್ತು; ಬುಟ್ಟಿ ಹೆಣೆಯುವ ಮೇದಾರರಿಗೆ ಪೇಟೆಯಲ್ಲಿ ಆ ದರ ಎಂದೂ ಸಿಗಲಿಲ್ಲ. ಪ್ಲೈವುಡ್ಡಿಗೆ, ಬೆಂಕಿಕಡ್ಡಿಗೆ, ಏಕಜಾತಿಯ ನೆಡುತೋಪಿಗೆ ಕಾಡು ಹೋಗುತ್ತಿದ್ದುದನ್ನು ನೋಡಿಯೇ 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿಯ ಜನ ಕಳಸೆ ಕಾಡಿಗೆ ನಡೆದು ಮರಗಳನ್ನು ಅಪ್ಪಿದ್ದು. ಅಪ್ಪಿಕೋ ಹೇಳಿದ ಉಳಿಸು, ಬೆಳೆಸು, ಬಳಸು ಎಂಬ ಮೂರು ಮಾತುಗಳಲ್ಲಿ ಮೂರನೆಯದೇ ಕಠಿಣ. ಹೇಗೆ ಬಳಸಬೇಕು, ಎಷ್ಟು ಬಳಸಬೇಕು ಎಂಬುದಕ್ಕೆ ಪ್ರತಿ ವಸ್ತುವಿಗೂ ಬೇರೆ ಲೆಕ್ಕ ಹಾಕಬೇಕಾಗುತ್ತದೆ. ಅಡಿಕೆ ಒಲೆಯ ಕಟ್ಟಿಗೆ ಉಳಿಸಲು ಒಲೆಯ ವಿನ್ಯಾಸವನ್ನೇ ತಿದ್ದಿದ ಊರುಗಳಲ್ಲಿ ಗಾಜಿಗಾಗಿ ಕಟ್ಟಿಗೆ ಕುಲುಮೆ ಹೂಡುವುದು ಬೇಡ. ಅದು ಕಲೆಯ ಹೆಸರಿನಲ್ಲಿ ಬಂದರೂ ಬೇಡ, ಉದ್ಯೋಗದ ಹೆಸರಿನಲ್ಲಿ ಬಂದರೂ ಬೇಡ.

ಮರಳಿನ ವಿಷಯದಲ್ಲೂ ಇಷ್ಟೇ ನಿಷ್ಠುರವಾಗಬೇಕಾಗಿದೆ. ಅಘನಾಶಿನಿ ಶಿರಸಿಯ ಶಂಕರಹೊಂಡದಲ್ಲಿ, ಮಂಜುಗುಣಿಯಲ್ಲಿ ಹುಟ್ಟಿ ಒಂದೂ ದೊಡ್ಡ ಅಣೆಕಟ್ಟಿಲ್ಲದೆ ಸಮುದ್ರ ಸೇರುವ ಹೊಳೆ. ಅದರ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಆ ಅಳಿವೆಯಲ್ಲಿ ಬಳಚು ಆಯ್ದು ಬದುಕುವ ಕುಟುಂಬಗಳ ಕಾಲ ಕೆಳಗಿನ ಮರಳು ಮೇಲಿನ ತಾಲ್ಲೂಕುಗಳಿಂದ ಹೋದದ್ದು. ಮೇಲೆ ತೆಗೆದರೆ ಕೆಳಗೆ ತಗ್ಗುತ್ತದೆ, ಇದರಲ್ಲಿ ಗೂಢವೇನೂ ಇಲ್ಲ. ಹೊಳೆಯ ಪಾತ್ರದಲ್ಲಿರುವ ಮರಳು ಬೇಸಗೆಯ ನೀರನ್ನು ತಡೆದು ಬದಿಯ ತೋಟದ ಬಾವಿಗೆ ಕೊಡುತ್ತದೆ, ದಡ ಕುಸಿಯದಂತೆ ಕಾಯುತ್ತದೆ. 2021ರ ಜುಲೈಯಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡವೇ ಜಾರಿ ಮನೆ, ತೋಟ, ರಸ್ತೆಗಳು ಹೋದ ಮೇಲೆ ಈ ಘಟ್ಟದ ಮಣ್ಣು ಎಷ್ಟು ಸಡಿಲವಾಗಿ ನಿಂತಿದೆಯೆಂಬುದು ಯಾರಿಗೂ ಅಜ್ಞಾತವಲ್ಲ. ಗಾಜಿಗೆಂದು ಗುಡ್ಡ ಬಗೆಯಲೂ ಆಗದು, ಹೊಳೆ ಬಗೆಯಲೂ ಆಗದು.

ಇಷ್ಟು ಹೇಳಿದ ಮೇಲೂ ಒಂದು ದಾರಿ ಉಳಿಯುತ್ತದೆ. ಗಾಜಿಗೆ ಬೇಕಾದ ಮರಳು ಬೇರೆ, ಗಾಜಿನ ಬಣ್ಣಕ್ಕೆ ಬೇಕಾದ ಮಣ್ಣು ಬೇರೆ. ಮೊದಲನೆಯದನ್ನು ಟನ್ನುಗಳಲ್ಲಿ ಅಳೆಯುತ್ತಾರೆ, ಎರಡನೆಯದು ಬೊಗಸೆಯಲ್ಲಿ ಮುಗಿಯುತ್ತದೆ. ಬಣ್ಣವಿಲ್ಲದ ಹಳೆಯ ಬಾಟಲಿಗಳನ್ನು ಒಡೆದು ಕರಗಿಸುವಾಗ ಪ್ರತಿ ಕಿಲೋಗೆ 10 ಗ್ರಾಂ ಕೆಮ್ಮಣ್ಣು ಸೇರಿಸಿದರೆ, ಆ ಮಣ್ಣಿನ ಮೂರನೆಯ ಒಂದು ಪಾಲು ಕಬ್ಬಿಣವೆಂದು ಹಿಡಿದರೂ, ಗಾಜಿನಲ್ಲಿ ಶೇಕಡಾ 0.3ರಷ್ಟು ಕಬ್ಬಿಣ ಕೂಡಿತು. ಒಂದು ಅಂಗುಲ ದಪ್ಪದ ಎರಕಕ್ಕೆ ಹಸಿರು ಬರಲು ಅಷ್ಟು ಸಾಕು. 300 ಗ್ರಾಂ ತೂಗುವ ಒಂದು ಬೊಗಸೆ ಮಣ್ಣಿನಿಂದ 30 ಕಿಲೋ ಗಾಜು. ಅಂಗೈಯಗಲದ, ಒಂದು ಸೆಂಟಿಮೀಟರ್ ದಪ್ಪದ ಬಿಲ್ಲೆ 250 ಗ್ರಾಂ ತೂಗುತ್ತದೆ. ಅಂಥ 120 ಬಿಲ್ಲೆಗಳು. ಹಿತ್ತಲ ಧರೆಗೆ ಗಾಯವೂ ಕಾಣದು.

ನೆದರ್ಲೆಂಡ್ಸಿನ ಅಟೆಲಿಯರ್ ಎನ್‌ಎಲ್ ಎಂಬ ಇಬ್ಬರು ವಿನ್ಯಾಸಕಿಯರ ಕಾರ್ಯಾಗಾರ ಬೇರೆ ಬೇರೆ ಊರುಗಳ ಶುದ್ಧೀಕರಿಸದ ಮರಳನ್ನು ಕರಗಿಸಿ, ಒಂದೊಂದು ನೆಲಕ್ಕೂ ಒಂದೊಂದು ಛಾಯೆ ಬರುವುದನ್ನು ತೋರಿಸಿದೆ. ಲಂಡನ್ನಿನಲ್ಲಿ ಲುಲು ಹ್ಯಾರಿಸನ್ ಎಂಬಾಕೆ ಥೇಮ್ಸ್ ನದಿಯ ನೀರಿನ ಕೊಳವೆಗಳಿಗೆ ಕಾಟ ಕೊಡುವ ಹೊರಗಿನ ಜಾತಿಯ ಚಿಪ್ಪುಗಳನ್ನು ಸುಣ್ಣದ ಬದಲು ಬಳಸಿ, ಮರಳು ಮತ್ತು ಕಟ್ಟಿಗೆ ಬೂದಿಯೊಂದಿಗೆ ಗಾಜು ಮಾಡಿದರು. ಇವರ ವಿಧಾನವನ್ನು ಹಾಗೆಯೇ ಇಲ್ಲಿಗೆ ತರಬೇಕಾಗಿಲ್ಲ. ಊರಿನ ನೆಲಕ್ಕೆ ಗಾಜಿನಲ್ಲಿ ತನ್ನದೇ ಬಣ್ಣವಿದೆ ಎಂಬ ಅರಿವು ಮಾತ್ರ ಸಾಕು. ಶಿರಸಿಯ ಜಂಬಿಟ್ಟಿಗೆ ಮಣ್ಣು, ಸಿದ್ದಾಪುರದ ಕೆಮ್ಮಣ್ಣು, ಯಲ್ಲಾಪುರದ ಮ್ಯಾಂಗನೀಸು ಬೆರೆತ ಕರಿಮಣ್ಣು, ಜಂಬಿಟ್ಟಿಗೆಯ ಕೆಳಗಿನ ಶೇಡಿ, ಇವು ನಾಲ್ಕನ್ನು ಸಮ ತೂಕದಲ್ಲಿ ಒಂದೇ ಗಾಜಿಗೆ ಸೇರಿಸಿ ನೋಡಿದ ಫಲಕ ಒಂದು ಕಾಲೇಜಿನ ಭೂವಿಜ್ಞಾನ ಅಥವಾ ರಸಾಯನ ವಿಭಾಗದಲ್ಲಿ ತೂಗುಹಾಕಿದ್ದರೆ ಜಿಲ್ಲೆಯ ಮಣ್ಣಿನ ನಕ್ಷೆ ಓದಲು ಬೇರೆ ಪಾಠ ಬೇಕಾಗದು.

ಮರಳಿಲ್ಲದೆ ಮೂಲದಿಂದಲೇ ಗಾಜು ಮಾಡಿ ನೋಡಬೇಕೆಂಬ ಹಟವಿರುವ ವಿದ್ಯಾರ್ಥಿಗಳಿಗೆ ಗದ್ದೆಯ ಕಡೆಯಿಂದ ಒಂದು ಸಹಾಯವಿದೆ. ಭತ್ತದ ಹೊಟ್ಟನ್ನು ಪೂರ್ತಿ ಬಿಳಿಯಾಗುವವರೆಗೆ ಸುಟ್ಟ ಬೂದಿಯಲ್ಲಿ ಶೇಕಡಾ 90ರಷ್ಟು ಸಿಲಿಕಾ ಇರುತ್ತದೆ. ಮಣ್ಣಿನಿಂದ ಬೇರು ಹೀರಿ, ಎಲೆ ಸೋಸಿ, ಹೊಟ್ಟಿನಲ್ಲಿ ಕೂಡಿಟ್ಟ ಮರಳು ಅದು. ಒಂದು ಕ್ವಿಂಟಲ್ ಭತ್ತಕ್ಕೆ ಸುಮಾರು 20 ಕಿಲೋ ಹೊಟ್ಟು, ಅದರಿಂದ 4 ಕಿಲೋ ಬೂದಿ. ಸಾಮಾನ್ಯ ಗಾಜಿನಲ್ಲಿ ಸಿಲಿಕಾ ಶೇಕಡಾ 70ರಿಂದ 74, ಸೋಡ 13ರಿಂದ 15, ಸುಣ್ಣ 10ರ ಸುತ್ತ. ಸುಣ್ಣಕ್ಕೆ ಕುಮಟೆಯ ಚಿಪ್ಪಿನ ಸುಣ್ಣ ಆದೀತು, ಸೋಡವನ್ನು ಅಂಗಡಿಯಿಂದಲೇ ತರಬೇಕು. ಹೊಟ್ಟಿನ ಬೂದಿಯನ್ನು ಅತಿ ಹೆಚ್ಚಿನ ಬಿಸಿಗೆ ಒಡ್ಡಿದರೆ ಅದರ ದೂಳೂ ಕಲ್ಲಿನ ದೂಳಿನಷ್ಟೇ ಅಪಾಯಕಾರಿಯಾಗುತ್ತದೆ. ಒದ್ದೆ ಮಾಡಿಕೊಂಡೇ ಕಲಸಬೇಕು, ಮೂಗಿಗೆ ತಕ್ಕ ಮುಖಗವಸು ಇರಬೇಕು.

ಎರಕದ ಕೆಲಸ ನೋಡಲು ಸುಲಭ, ಮಾಡಲು ತಾಳ್ಮೆಯದು. ಬಾಟಲಿಯ ಚೂರುಗಳು 850 ಡಿಗ್ರಿ ಸೆಲ್ಸಿಯಸ್ ಸುತ್ತ ಮೆತ್ತಗಾಗಿ ಅಚ್ಚಿನಲ್ಲಿ ಕೂಡಿಕೊಳ್ಳುತ್ತವೆ. ಆದರೆ ಆ ಬಿಸಿಗೆ ಕೆಮ್ಮಣ್ಣು ಕರಗುವುದಿಲ್ಲ, ಕಂದು ಚುಕ್ಕಿಗಳಾಗಿ ಉಳಿಯುತ್ತದೆ. ಬಣ್ಣ ಗಾಜಿನೊಳಗೆ ಇಳಿಯಬೇಕಾದರೆ ಮೂಸೆಯಲ್ಲಿ 1200 ಡಿಗ್ರಿಗೂ ಮೀರಿ ಕಾಯಿಸಿ ಕಲಕಬೇಕು. ಬೇರೆ ಬೇರೆ ಕಂಪನಿಯ ಬಾಟಲಿ ಬೆರೆಸಿದರೆ ತಣಿಯುವಾಗ ಒಂದೊಂದೂ ಒಂದೊಂದು ಪ್ರಮಾಣದಲ್ಲಿ ಕುಗ್ಗಿ ಬಿಲ್ಲೆ ಸೀಳುತ್ತದೆ. ಕಂದು ಬಾಟಲಿಯನ್ನು ಬಿಳಿಯದರ ಜೊತೆ ಹಾಕಿದರೆ ನೊರೆಯೆದ್ದು ಗುಳ್ಳೆ ಉಳಿಯುತ್ತದೆ. ಎರಕ ಹೊಯ್ದ ಮೇಲೆ 550 ಡಿಗ್ರಿಯ ಸುತ್ತ ಹದಕ್ಕೆ ನಿಲ್ಲಿಸಿ ನಿಧಾನವಾಗಿ ಇಳಿಸಬೇಕು. ದಪ್ಪ ತುಂಡಿಗೆ ಒಂದಿಡೀ ದಿನ ಹಿಡಿಯುತ್ತದೆ. ಈ ನಡುವೆ ಕರೆಂಟು ಹೋದರೆ ಕೆಲಸವೇ ಹೋಯಿತು. ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾಗಳನ್ನು ಕಟ್ಟಿಸಿಕೊಂಡ, ಕೈಗಾದ ಅಣು ಸ್ಥಾವರವನ್ನು ಮಡಿಲಲ್ಲಿಟ್ಟುಕೊಂಡ ಜಿಲ್ಲೆಯ ಹಳ್ಳಿಯಲ್ಲಿ ಮಳೆಗಾಲದ ಒಂದು ದಿನ ತಡೆಯಿಲ್ಲದೆ ವಿದ್ಯುತ್ ಸಿಗುವ ಭರವಸೆ ಇಟ್ಟುಕೊಳ್ಳಲಾಗದು. ಹೀಗಾಗಿ ಸಣ್ಣ ವಿದ್ಯುತ್ ಕುಲುಮೆಯೊಂದು ಸದ್ಯಕ್ಕೆ ಪಟ್ಟಣದ ಕಾಲೇಜಿನ ಪ್ರಯೋಗಶಾಲೆಯಲ್ಲಿರುವುದೇ ಲೇಸು.

ಇದರಿಂದ ಊರಿಗೆ ಉದ್ಯೋಗ ಹರಿದುಬರುತ್ತದೆಂದು ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ. ಫಿರೋಜಾಬಾದಿನ ಕುಲುಮೆಗಳು ತಾಜಮಹಲಿನ ಸುತ್ತಲಿನ ಗಾಳಿ ಕೆಡಿಸುತ್ತಿವೆಯೆಂದು 1996ರ ಡಿಸೆಂಬರ್ 30ರಂದು ಸುಪ್ರೀಂ ಕೋರ್ಟು ಕಲ್ಲಿದ್ದಲು ಬಿಟ್ಟು ಅನಿಲಕ್ಕೆ ಬರುವಂತೆ ಆದೇಶಿಸಿತು. ಸಾವಿರಾರು ಕೈಗಳಿರುವ ಆ ಪಟ್ಟಣದೊಂದಿಗೆ ಬಳೆಯ ಬೆಲೆಯಲ್ಲಿ ಸ್ಪರ್ಧಿಸುವುದು ಮೂರ್ಖತನ. ಮಕ್ಕಳನ್ನೂ ಕುಲುಮೆಯ ಮುಂದೆ ಕೂರಿಸಿದ ಆ ಉದ್ಯಮದ ಚರಿತ್ರೆ ಅನುಕರಿಸುವಂಥದೂ ಅಲ್ಲ. ಮನೆಯ ಮಾಡಿನಲ್ಲಿ ಬೆಳಕಿಂಡಿಗೆ ಇಡುವ ಹಸಿರು ಬಿಲ್ಲೆ, ಶಾಲೆಯ ಗೋಡೆಯಲ್ಲಿ ನಾಲ್ಕು ಬಣ್ಣದ ಸಾಲು, ದೇವಸ್ಥಾನದ ದೀಪಕ್ಕೊಂದು ಮರೆ, ಇಷ್ಟಕ್ಕೆ ಈ ಕೆಲಸ ಒಗ್ಗುತ್ತದೆ. ಇದಕ್ಕಿಂತ ದೊಡ್ಡ ಲೆಕ್ಕದ ಯೋಜನಾ ವರದಿ ಹಿಡಿದು ಬಂದವರನ್ನು ಗ್ರಾಮಸಭೆ ಮೊದಲು ಕೇಳಬೇಕಾದದ್ದು ಎರಡೇ: ಮರಳು ಯಾವ ಹೊಳೆಯದು, ಉರಿ ಯಾವ ಮರದ್ದು.

ಕಚ್ಚಾವಸ್ತು ಈಗಲೇ ಬಿದ್ದುಕೊಂಡಿದೆ. ಉಂಚಳ್ಳಿ, ಮಾಗೋಡು, ಸಾತೊಡ್ಡಿ ಜಲಪಾತಗಳ ದಾರಿಯಲ್ಲಿ ರಜೆ ಮುಗಿದ ಮರುದಿನ ಬಾಟಲಿ ಹೆಕ್ಕುವ ಮಕ್ಕಳಿಗೆ ಅದು ಗೊತ್ತು. ದನಗಳ ಗೊರಸಿಗೆ ಚುಚ್ಚುವ, ಹೊಳೆಗಿಳಿದವರ ಕಾಲು ಸೀಳುವ ಆ ಚೂರುಗಳು ಗುಜರಿಯವರಿಗೂ ಬೇಡವಾಗಿವೆ. ಮುಂದಿನ ಸಲ ಹೆಕ್ಕುವಾಗ ಮೂರು ಚೀಲ ಒಯ್ಯಬೇಕು: ಬಿಳಿಯದಕ್ಕೊಂದು, ಹಸಿರಿಗೊಂದು, ಕಂದಿಗೊಂದು. ಬಿಳಿಯ ಚೀಲದಲ್ಲಿಯೂ ಒಂದೇ ಗುರುತಿನ ಬಾಟಲಿಗಳನ್ನು ಒಟ್ಟಿಗೆ ಇಟ್ಟು, ಮುಚ್ಚಳದ ತಗಡು, ಮೇಲಿನ ಚೀಟಿ ತೆಗೆದು, ತೊಳೆದು ಒಣಗಿಸಿ ಇಡುವುದು ಒಳ್ಳೆಯದು.